ಜಡ್ಜ್ ರಸ್ಟಾಡ್ ಕೇಳಲು ಮರೆತದ್ದು

ನನ್ನ ಗಂಡ ಆನ್ಸೆಲ್ ರಸ್ಟಾಡ್ ಸತ್ತ ವಾರ ನಮ್ಮೂರಿನ ಪೇಪರಿನಲ್ಲಿ ಅವನ ಫೋಟೋ ಹಾಕಿದರು. ಈ ಜಡ್ಜು ಯಾರಿಗೂ ಅವರ ಮಾತು ಕೇಳದೆ ಶಿಕ್ಷೆ ಕೊಟ್ಟವರಲ್ಲ ಎಂದು ಬರೆದರು. ಬರೆದವಳು ಒಳ್ಳೆಯ ಹುಡುಗಿ. ಆದರೆ ಅದು ನಿಜವಲ್ಲ. ಒಬ್ಬನನ್ನು ಅವನು ಕೇಳಲಿಲ್ಲ. ಆ ಒಬ್ಬನನ್ನು ಬಿಟ್ಟು ತನ್ನ ಬದುಕನ್ನು ಬರೆದರೆ ಆನ್ಸೆಲ್‌ನೇ ಒಪ್ಪುತ್ತಿರಲಿಲ್ಲ. ನಾನು ವರ್ನಾ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಆನ್ಸೆಲ್ ಹುಟ್ಟಿದ್ದು ಮೊಂಟಾನಾ ರಾಜ್ಯದ ಉತ್ತರದ ಬಯಲಿನಲ್ಲಿ, ರೈಲು ಹಳಿಯ ಪಕ್ಕದ ಗೋಧಿ ಗೋದಾಮಿನ ಮನೆಯಲ್ಲಿ. ಅವನಪ್ಪ ಆ ಗೋದಾಮಿನ ಆಳು. ಕಾಳಿನ ಧೂಳು ಕುಡಿದು ಕುಡಿದು ಕೂದಲು ನರೆಯುವ ಮೊದಲೇ ಕೆಮ್ಮಿ ಸತ್ತ. ನನ್ನ ಅಪ್ಪ ಅಮ್ಮ ಸಕ್ಕರೆ ಬೀಟ್‌ರೂಟಿನ ಹೊಲದಲ್ಲಿ ಕೂಲಿ. ನಾವಿಬ್ಬರೂ ಸಿಕ್ಕಿದ್ದು ಕಾಲ್ಡರ್ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ. ಚಳಿಗಾಲದಲ್ಲಿ ನಾರ್ವೆ ಕಡೆಯವರು ಕ್ಷಾರದ ನೀರಿನಲ್ಲಿ ನೆನೆಸಿದ ಒಣಮೀನಿನ ಊಟ ಹಾಕುತ್ತಾರೆ. ನಾನು ತಟ್ಟೆ ತೊಳೆಯಲು ಹೋಗಿದ್ದೆ. ಅವನು ತುಂಬಿದ ತಟ್ಟೆಯನ್ನು ಹಾಗೇ ತಂದು ನನ್ನ ಮುಂದಿಟ್ಟ.

"ಯಾಕೆ, ತಿನ್ನಲಿಲ್ಲ?" ಎಂದೆ.

"ಈ ಮೀನು ತಿನ್ನೋಷ್ಟು ಭಕ್ತಿ ನನಗಿಲ್ಲ. ನಮ್ಮಮ್ಮನಿಗೆ ಹೇಳ್ಬೇಡ."

ಅವನು ಅಷ್ಟು ಮಾತಾಡಿದ್ದೇ ಹೆಚ್ಚು ಎಂದು ಆಮೇಲೆ ಗೊತ್ತಾಯಿತು.

ಸೈನ್ಯಕ್ಕೆ ಹೋಗಿ ಬಂದ, ಮದುವೆಯಾದೆವು. ಸೈನ್ಯದಿಂದ ಬಂದವರಿಗೆ ಸರ್ಕಾರ ಓದಿಸುತ್ತಿತ್ತು. ಮಿಸೌಲಾದಲ್ಲಿ ಲಾ ಕಾಲೇಜಿಗೆ ಸೇರಿದ. ಊಟಕ್ಕೆ ಬಾಡಿಗೆಗೆ ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೋದೆ. ಅವನು ಕಾನೂನು ಓದಿದ, ನಾನು ಹಾಸಿಗೆಯ ಬಟ್ಟೆ ಓದಿದೆ. ಯಾರು ಹೇಗೆ ಸತ್ತರೆಂದು ಬಟ್ಟೆ ಹೇಳುತ್ತದೆ. ಬ್ಲೀಚಿನ ನೀರಿಗೆ ನನ್ನ ಕೈ ಒಡೆದದ್ದು ಮತ್ತೆ ಸರಿಯಾಗಲಿಲ್ಲ.

ಓದು ಮುಗಿಸಿ ಕಾಲ್ಡರಿಗೆ ವಾಪಸ್ ಬಂದು ಜಿಲ್ಲೆಯ ಸರ್ಕಾರಿ ವಕೀಲನ ಕೈಕೆಳಗೆ ಸೇರಿದ. ದನ ಕದ್ದವರು, ಕುಡಿದು ಹೊಡೆದಾಡಿದವರು, ಹೆಂಡತಿಯ ಹಲ್ಲು ಉದುರಿಸಿದವರು. ಆಗ ಅಲ್ಲಿ ಒಬ್ಬ ಹಳೆಯ ಜಡ್ಜಿದ್ದ. ಶಿಕ್ಷೆ ಹೇಳುವ ಮೊದಲು ತಪ್ಪಿತಸ್ಥನನ್ನು "ನಿನಗೇನಾದರೂ ಹೇಳುವುದಿದೆಯಾ" ಎಂದು ಕೇಳಬೇಕು, ಅದು ಕಾನೂನು. ಆ ಮುದುಕ ತಲೆ ಎತ್ತದೆ ಸಹಿ ಹಾಕುತ್ತಲೇ ಕೇಳುತ್ತಿದ್ದ. ಒಂದು ಸಲ ತನ್ನ ಕೊಟ್ಟಿಗೆಗೆ ತಾನೇ ಬೆಂಕಿ ಇಟ್ಟ ಹೆಂಗಸಿನ ಕೇಸು. ಆನ್ಸೆಲ್ ಅವಳ ವಿರುದ್ಧ ನಿಂತಿದ್ದ, ಗೆದ್ದ. ಮನೆಗೆ ಬಂದು ಬೂಟು ಬಿಚ್ಚದೆ ಅಡಿಗೆಮನೆಯಲ್ಲಿ ಕೂತ.

"ಅವಳು ಬಾಯಿ ತೆಗೆದಿದ್ಲು ವರ್ನಾ."

"ಯಾರು?"

"ಆ ಹೆಂಗಸು. ಅವನು ಕೇಳಿದ, ಅವಳು ಬಾಯಿ ತೆಗೆದ್ಲು, ಅವನು ಮುಂದಿನ ಕೇಸು ಅಂದ. ಅವಳು ಬಾಯಿ ತೆಗೆದುಕೊಂಡೇ ಹೋದ್ಲು."

"ಏನು ಹೇಳಕ್ಕೆ ಹೊರಟಿದ್ಲೋ?"

"ಅದೇ. ಇನ್ನು ಯಾರಿಗೂ ಗೊತ್ತಾಗಲ್ಲ."

ಅಲ್ಲಿಂದ ಫೆಡರಲ್ ಸರ್ಕಾರದ, ಅಂದರೆ ಇಡೀ ದೇಶದ ಸರ್ಕಾರದ, ವಕೀಲನಾದ. ಊರು ಬಿಟ್ಟು ಊರು ಸುತ್ತಿದ. ನಮ್ಮ ಕಡೆ ಮೂಲನಿವಾಸಿಗಳ ಮೀಸಲು ನೆಲದಲ್ಲಿ ಹೆಣ ಬಿದ್ದರೆ ಕೇಸು ಜಿಲ್ಲೆಗೆ ಹೋಗುವುದಿಲ್ಲ, ಫೆಡರಲ್ ಕೋರ್ಟಿಗೆ ಬರುತ್ತದೆ. ಹಾಗಾಗಿ ಅವನು ಕಂಡ ಸಾವುಗಳೆಲ್ಲ ದೊಡ್ಡ ಮನುಷ್ಯರ ಸಾವಲ್ಲ. ಅಣ್ಣ ತಮ್ಮ, ಭಾವ ಭಾಮೈದ, ಒಂದು ಬಾಟಲಿ, ಒಂದು ಚಾಕು. ಮಧ್ಯೆ ಒಂದಿಷ್ಟು ವರ್ಷ ರಾಜ್ಯದ ಕೋರ್ಟಿನಲ್ಲಿ ಜಡ್ಜಾದ. ಅದಕ್ಕೆ ಓಟು ಬೇಕು. ನಾನು ಪೈ ಮಾಡಿ ಹಂಚಿದೆ, ಅಂಗಳಗಳಲ್ಲಿ ಅವನ ಹೆಸರಿನ ಹಲಗೆ ನೆಟ್ಟೆ. ಅವನು ಕೈ ಕುಲುಕುವಾಗ ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡುತ್ತಿದ್ದ. ಗೆದ್ದ, ಯಾಕೆಂದರೆ ಎದುರಾಳಿಯ ಮುಖ ಅದಕ್ಕಿಂತ ಕೆಟ್ಟದಿತ್ತು.

ಫೆಡರಲ್ ಜಡ್ಜಿನ ಕುರ್ಚಿ ಖಾಲಿಯಾದಾಗ ನಮ್ಮ ಸೆನೆಟರು ಅವನ ಹೆಸರು ಕೊಟ್ಟರು, ಅಧ್ಯಕ್ಷರು ಒಪ್ಪಿದರು. ಅಷ್ಟಕ್ಕೇ ಆಗುವುದಿಲ್ಲ, ಸೆನೆಟರೆಲ್ಲ ವಿಚಾರಿಸಿ ಓಟು ಹಾಕಿ ಒಪ್ಪಬೇಕು. ಸರ್ಕಾರದ ಗುಪ್ತ ಪೊಲೀಸರು ಬಂದು ಬೀದಿಯ ಮನೆಮನೆಯಲ್ಲಿ ವಿಚಾರಿಸಿದರು. ಎದುರುಮನೆಯ ಮುದುಕಿ ಓಪ್ಸಾಲ್ ಬೇಲಿಯ ಹತ್ತಿರ ನನ್ನನ್ನು ಕರೆದಳು.

"ಕುಡೀತಾನಾ ಅಂತ ಕೇಳಿದ್ರು ಕಣೇ."

"ನೀವೇನಂದ್ರಿ?"

"ಕುಡೀತಾನೆ ಅಂದೆ. ನಮ್ಮನೆ ಕಾಫೀನ. ವಾಪಸ್ ಒಂದಿನ ನಮ್ಮನ್ನ ಕರೆದಿಲ್ಲ ಅಂದೆ. ಅದನ್ನೂ ಬರಕೊಂಡ್ರು."

ವಾಷಿಂಗ್‌ಟನ್ನಿಗೆ ಹೋದೆವು. ದೊಡ್ಡ ಕೋಣೆ. ಒಬ್ಬ ಸೆನೆಟರು ಬಂದು ಒಂದು ಪ್ರಶ್ನೆ ಕೇಳಿ ಉತ್ತರ ಮುಗಿಯುವ ಮೊದಲೇ ಎದ್ದು ಹೋದರು. ಆಮೇಲೆ ಸುಮ್ಮನೆ ಕಾಯುವುದು. ಮನೆ ಮಾರಬೇಕೋ ಬೇಡವೋ ಗೊತ್ತಿಲ್ಲ. ಎರಡನೆಯ ಚಳಿಗಾಲ ಬಂದಾಗ ಓಟು ಹಾಕಿದರು. ಪ್ರಮಾಣದ ದಿನ ಕರಿ ನಿಲುವಂಗಿಯನ್ನು ಹೆಂಡತಿಯೇ ತೊಡಿಸುವುದು ವಾಡಿಕೆ. ನನ್ನ ಒಡೆದ ಕೈಗೆ ಆ ಬಟ್ಟೆ ಸಿಕ್ಕಿಕೊಂಡಿತು. ಜನ ನಕ್ಕರು. ಆನ್ಸೆಲ್ ನಗಲಿಲ್ಲ, ತೋಳನ್ನು ಅಲ್ಲಾಡಿಸದೆ ನಿಂತ.

ಆ ಕೆಲಸ ಸಾಯುವವರೆಗೆ. ಯಾರೂ ತೆಗೆಯುವ ಹಾಗಿಲ್ಲ. ಜನ ಅದನ್ನು ಭಾಗ್ಯ ಎನ್ನುತ್ತಾರೆ. ನನಗೆ ಕಂಡದ್ದು ಬೇರೆ. ವಕೀಲ ಸ್ನೇಹಿತರು ಇಸ್ಪೀಟಿಗೆ ಬರುವುದನ್ನು ಬಿಟ್ಟರು, ನಾಳೆ ಅವನ ಮುಂದೆ ನಿಲ್ಲಬೇಕಲ್ಲ. ಅಂಗಡಿಯಲ್ಲಿ ನಾನು ಬಂದರೆ ಮಾತು ನಿಲ್ಲುತ್ತಿತ್ತು. ಅವನು ಜೈಲಿಗೆ ಕಳಿಸಿದವರ ತಾಯಂದಿರು ಅದೇ ಅಂಗಡಿಗೆ ಬರುತ್ತಿದ್ದರು. ಒಬ್ಬಳು ನನ್ನ ಸಾಮಾನಿನ ತಳ್ಳುಗಾಡಿಯೊಳಕ್ಕೆ ನೋಡಿ, "ಚೆನ್ನಾಗಿ ತಿನ್ನಿಸಮ್ಮ ನಿನ್ನ ಗಂಡನ್ನ. ನನ್ನ ಮಗನಿಗೆ ಅಲ್ಲಿ ಏನು ಹಾಕ್ತಾರೋ" ಎಂದಳು. ನಾನು ಆ ದಿನ ಮಾಂಸ ತರಲಿಲ್ಲ.

ಶಿಕ್ಷೆ ಕೊಡುವುದು ಅವನಿಗೆ ಕೊನೆಯವರೆಗೂ ರೂಢಿಯಾಗಲಿಲ್ಲ. ಆದರೆ ಆ ಪ್ರಶ್ನೆಯೊಂದನ್ನು ಮಾತ್ರ ಅವನು ಬೇರೆ ಥರ ಕೇಳುತ್ತಿದ್ದ. ಪೆನ್ನು ಕೆಳಗಿಡುತ್ತಿದ್ದ. ಕನ್ನಡಕ ತೆಗೆಯುತ್ತಿದ್ದ. ಕೇಳಿ, ಕಾಯುತ್ತಿದ್ದ. ಎದುರಿನವನು ಕಾಲು ಬದಲಿಸಿದರೂ, ಅತ್ತರೂ, ಬೈದರೂ ಕಾಯುತ್ತಿದ್ದ. ಕೋರ್ಟಿನ ಪೊಲೀಸರು "ರಸ್ಟಾಡ್ ಕೋರ್ಟಿಗೆ ಡ್ಯೂಟಿ ಬಿದ್ರೆ ಬುತ್ತಿ ಕಟ್ಕೊಂಡು ಹೋಗ್ರಪ್ಪಾ" ಎಂದು ತಮಾಷೆ ಮಾಡುತ್ತಿದ್ದರು. ಹೆಚ್ಚಿನವರು ತಪ್ಪಾಯಿತು ಎನ್ನುತ್ತಾರೆ, ಅಷ್ಟೆ. ಒಬ್ಬ ತನ್ನ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿದನಂತೆ. ಊಟದ ಹೊತ್ತಿಗೆ ಅವನು ನನಗೆ ಹೇಳುತ್ತಿದ್ದುದು ಇದನ್ನೇ, ಶಿಕ್ಷೆ ಎಷ್ಟು ಎಂದು ಹೇಳುತ್ತಿರಲಿಲ್ಲ.

"ಕೇಳಿದ್ರೆ ಶಿಕ್ಷೆ ಕಡಿಮೆಯಾಗುತ್ತಾ?" ಎಂದು ನಾನೊಮ್ಮೆ ಕೇಳಿದೆ.

"ಒಂದೊಂದ್ಸಲ. ಹೆಚ್ಚಿನ ಸಲ ಇಲ್ಲ."

"ಮತ್ಯಾಕೆ?"

"ಅವನ ಬದುಕಲ್ಲಿ ಇಷ್ಟು ಜನ ಬಾಯಿ ಮುಚ್ಕೊಂಡು ಅವನ ಮಾತು ಕೇಳೋದು ಅದೊಂದೇ ಸಲ."

ಮೂಳೆಯೊಳಗೆ ಕ್ಯಾನ್ಸರ್ ಇದೆ ಎಂದು ಡಾಕ್ಟರು ಹೇಳಿದ್ದು ಒಂದು ಜನವರಿಯ ಬೆಳಿಗ್ಗೆ, ಫೋನಿನಲ್ಲಿ. ಆನ್ಸೆಲ್ ನಿಂತುಕೊಂಡೇ ಕೇಳಿದ. ಫೋನಿಟ್ಟು ಟೈ ಕಟ್ಟಲು ಹೋದ.

"ಇವತ್ತು ಹೋಗ್ಬೇಡ," ಎಂದೆ.

"ಶಿಕ್ಷೆ ಹೇಳೋದಿದೆ. ಬೆಲ್ಗಾರ್ಡ್ ಕೇಸು."

"ಮುಂದಕ್ಕೆ ಹಾಕು. ನೀನು ಜಡ್ಜು, ಯಾರು ಬೇಡ ಅಂತಾರೆ?"

"ಮೀಸಲು ನೆಲದಿಂದ ಬರ್ತಿದ್ದಾರೆ ವರ್ನಾ, ಹಿಮದಲ್ಲಿ, ಆ ಹಳೇ ಪಿಕಪ್ಪಲ್ಲಿ. ಹುಡುಗಿಯ ತಾಯಿ ತಂದೆ. ಬಾಗಿಲಿಂದ ವಾಪಸ್ ಕಳಿಸ್ಲಾ?"

ಹೋದ. ಟೈ ಸೊಟ್ಟಗಿತ್ತು. ನಾನು ಸರಿ ಮಾಡಿದೆ.

ಬೆಲ್ಗಾರ್ಡ್ ಕೇಸು ಇಷ್ಟು. ಲಿಯೊ ಬೆಲ್ಗಾರ್ಡ್ ಗ್ಯಾರೇಜಿನಲ್ಲಿ ಎಂಜಿನ್ ತೊಳೆಯುವವನು. ತಾಯಿ ಇಲ್ಲ. ಸೋದರತ್ತೆ ಡೆಲೋರಿಸ್ ಅವನನ್ನು ಸಾಕಿದಳು. ಅವಳಿಗೆ ಒಬ್ಬಳೇ ಮಗಳು, ಜೋಲೀನ್. ಜೋಲೀನ್ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ಆ ನೆಲದಲ್ಲಿ ಹುಡುಗಿಯರ ಆಟಕ್ಕೆ ಊರಿಗೆ ಊರೇ ಬರುತ್ತದೆ. ಒಂದು ಸಂಜೆ ಆಟ ಮುಗಿದ ಮೇಲೆ ಅವಳನ್ನು ಕರೆತರಲು ಡೆಲೋರಿಸ್ ತನ್ನ ಕಾರಿನ ಕೀಲಿಯನ್ನು ಲಿಯೊಗೆ ಕೊಟ್ಟಳು. ವಾಪಸ್ ಬರುವಾಗ ಕಾರು ಸೇತುವೆಯ ಕಟ್ಟೆಗೆ ಹೊಡೆದು ಹಳ್ಳಕ್ಕೆ ಬಿತ್ತು. ಜೋಲೀನ್ ಸತ್ತಳು. ಲಿಯೊನ ರಕ್ತದಲ್ಲಿ ಹೆಂಡವಿತ್ತು. ಅವನು ತಪ್ಪು ಒಪ್ಪಿಕೊಂಡ. ಹಾಗಾಗಿ ವಿಚಾರಣೆ ನಡೆಯಲಿಲ್ಲ. ಶಿಕ್ಷೆಯ ದಿನದವರೆಗೆ ಸತ್ತವಳ ಮನೆಯವರ ಜೊತೆ ಮಾತಾಡಕೂಡದು, ಕಂಡರೂ ಕಾಣದ ಹಾಗಿರಬೇಕು ಎಂದು ಕೋರ್ಟಿನ ಆಜ್ಞೆಯಿತ್ತು. ಅದು ಎಲ್ಲ ಕೇಸಿನಲ್ಲೂ ಇರುವ ಆಜ್ಞೆ. ಈ ಕೇಸಿನಲ್ಲಿ ಆ ಮನೆಯವರೆಂದರೆ ಅವನನ್ನು ಸಾಕಿದವರೇ.

ಆ ದಿನ ನಾನು ಕೋರ್ಟಿನಲ್ಲಿರಲಿಲ್ಲ. ಅಲ್ಲಿ ಆಡಿದ ಮಾತನ್ನೆಲ್ಲ ಯಂತ್ರದಲ್ಲಿ ಇಳಿಸುವ ಲೊರೇನ್ ನನಗೆ ಆಮೇಲೆ ಹೇಳಿದಳು. ಡೆಲೋರಿಸ್ ಎದ್ದು ನಿಂತು ಹೀಗೆ ಅಂದಳಂತೆ:

"ಕೀಲಿ ಕೊಟ್ಟಿದ್ದು ನಾನು ಜಡ್ಜ್. ಅವನ ಹತ್ರ ಏನೋ ವಾಸನೆ ಬಂತು. ಮೂಗಿಗೆ ಬಡೀತು, ಆದ್ರೂ ಕೊಟ್ಟೆ. ಒಲೆ ಮೇಲೆ ಸಾರಿತ್ತು. ನಾನೇ ಹೋಗ್ಬಹುದಿತ್ತು. ಅವನಿಗೆ ಎಷ್ಟು ಹಾಕ್ತೀರೋ ಅರ್ಧ ನನಗೆ ಹಾಕಿ."

ಬೆಂಚುಗಳಲ್ಲಿ ಕೂತವರೆಲ್ಲ ಅತ್ತರಂತೆ. ಲಿಯೊ ಕುರ್ಚಿಯಿಂದ ಅರ್ಧ ಎದ್ದನಂತೆ. ಆನ್ಸೆಲ್ ಪೆನ್ನು ಕೆಳಗಿಡಲಿಲ್ಲ. ಮುಂದಿದ್ದ ಹಾಳೆ ನೋಡಿಕೊಂಡು ಆರು ವರ್ಷ ಎಂದು ಹೇಳಿ, ಎದ್ದು ಒಳಗೆ ಹೋದ.

ಮನೆಗೆ ಬಂದವನು ಊಟದ ಹೊತ್ತಿಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ದಿನ ನಮ್ಮಿಬ್ಬರ ತಲೆಯಲ್ಲಿದ್ದುದು ಡಾಕ್ಟರ ಮಾತೊಂದೇ.

ಔಷಧಿ ಶುರುವಾಯಿತು. ವಾಂತಿ, ಬೆನ್ನುನೋವು, ಮತ್ತೆ ಸ್ವಲ್ಪ ಹಗುರ. ಹಗುರಾದ ದಿನಗಳಲ್ಲಿ ಕೋರ್ಟಿಗೆ ಹೋದ. ಒಂದು ವರ್ಷ ದಾಟಿತು. ಆಮೇಲೆ ಮೇಲಿನ ಕೋರ್ಟಿನಿಂದ ಬೆಲ್ಗಾರ್ಡ್ ಕೇಸು ವಾಪಸ್ ಬಂತು. ಶಿಕ್ಷೆಗೆ ಮೊದಲು ಕೈದಿಯನ್ನು ಕೇಳಿಲ್ಲ, ಆದ್ದರಿಂದ ಆ ಶಿಕ್ಷೆ ರದ್ದು, ಮತ್ತೆ ಕರೆಸಿ ಕೇಳಿ ಹೊಸದಾಗಿ ಕೊಡಿ ಎಂದು.

ಆನ್ಸೆಲ್ ನಂಬಲಿಲ್ಲ. ಲೊರೇನಳನ್ನು ಮನೆಗೇ ಕರೆಸಿದ.

"ನಾನು ಕೇಳಿದ್ದೆ ಲೊರೇನ್. ನಾನು ಕೇಳದೆ ಇರೋದು ಅಂದ್ರೇನು?"

"ಕೇಳಲಿಲ್ಲ ಜಡ್ಜ್."

"ನಿನ್ನ ಯಂತ್ರ ಬಿಟ್ಟಿರಬೇಕು."

"ನನ್ನ ಯಂತ್ರ ಬಿಡಬಹುದು. ನನ್ನ ಕಿವಿ ಬಿಡಲಿಲ್ಲ. ನಾನು ಬೆರಳು ಎತ್ಕೊಂಡು ಕಾಯ್ತಿದ್ದೆ, ನೀವು ಕೇಳ್ತೀರಿ ಅಂತ. ಯಾವಾಗ್ಲೂ ಆ ಜಾಗದಲ್ಲಿ ನಾನು ಬೆರಳಿಗೆ ರೆಸ್ಟು ಕೊಡ್ತೀನಿ."

"ನೀನ್ಯಾಕೆ ಹೇಳಲಿಲ್ಲ?"

"ನಾನು ಬಾಯಿ ತೆಗೆಯೋ ಹಾಗಿಲ್ಲ ಅನ್ನೋದು ನಿಮಗೇ ಗೊತ್ತು."

"ಅವನ ವಕೀಲ?"

"ಅವನು ಒಂದು ಸಲ ಎದ್ದು ಮತ್ತೆ ಕೂತ. ಅಪೀಲಿಗೆ ಚೆನ್ನಾಗಿದೆ ಅನ್ನಿಸಿರಬೇಕು. ಕಲಿತಿದ್ದಾನೆ ಹುಡುಗ."

ಲೊರೇನ್ ಹೋದ ಮೇಲೆ ಆನ್ಸೆಲ್ ಬಹಳ ಹೊತ್ತು ಬಚ್ಚಲಲ್ಲಿದ್ದ. ಹೊರಗೆ ಬಂದು, "ಅವನು ಎದ್ದಿದ್ದ ವರ್ನಾ. ಈಗ ಕಣ್ಣಿಗೆ ಬರ್ತಿದೆ. ಅರ್ಧ ಎದ್ದಿದ್ದ. ನೀರು ಬೇಕೇನೋ ಅಂದ್ಕೊಂಡೆ," ಎಂದ.

ಮುಖ್ಯ ಜಡ್ಜು ವಿಟ್ಮರ್ ಮನೆಗೆ ಬಂದರು. ಹೂವಿನ ಕುಂಡ ತಂದಿದ್ದರು. ಕೂತು ಅದೂ ಇದೂ ಮಾತಾಡಿ ವಿಷಯಕ್ಕೆ ಬಂದರು.

"ಆ ಕೇಸು ನಾನು ತಗೋತೀನಿ ಆನ್ಸೆಲ್. ನೀನು ಮಲಕ್ಕೋ."

"ಮಲಗಕ್ಕೆ ಬೇಕಾದಷ್ಟು ದಿನ ಇದೆ ಮುಂದೆ."

"ಹಟ ಮಾಡ್ಬೇಡ. ಯಾರು ಕೇಳಿದ್ರೂ ಅದೇ ಪ್ರಶ್ನೆ ತಾನೇ?"

"ಕೇಳದೆ ಇದ್ದವನು ನಾನು. ಅವನು ಯಾರಿಗೆ ಉತ್ತರ ಕೊಡ್ಬೇಕಿತ್ತೋ ಅವರೇ ಕೇಳ್ಬೇಕು."

ವಿಟ್ಮರ್ ನನ್ನ ಕಡೆ ನೋಡಿದರು. "ನೀವಾದ್ರೂ ಹೇಳಿ ವರ್ನಾ."

"ನನ್ನ ಮಾತು ಕೇಳೋ ಹಾಗಿದ್ರೆ ಇವನು ಗೋಧಿ ಅಳೆದುಕೊಂಡು ಸುಖವಾಗಿರ್ತಿದ್ದ," ಎಂದೆ.

ಅವನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಹುಡುಗನ ಮಾತು ಕೇಳಿ, ಎರಡು ವರ್ಷ ಇಳಿಸಬೇಕು. ತಾನು ಕಸಿದದ್ದನ್ನು ವಾಪಸ್ ಕೊಟ್ಟು ಸಾಯಬೇಕು. ಅದಕ್ಕಾಗಿಯೇ ಔಷಧಿ ನುಂಗಿದ, ಸೂಪು ಕುಡಿದ. ಆ ವಸಂತ ಅವನನ್ನು ಎಬ್ಬಿಸಿ ಕೂರಿಸಿದ್ದು ನಾನಲ್ಲ, ಲಿಯೊ ಬೆಲ್ಗಾರ್ಡ್.

ಆದರೆ ಕೈದಿಯನ್ನು ತರುವುದು ಬಸ್ಸಿನಲ್ಲಿ ಮಗನನ್ನು ಕರೆಸಿದ ಹಾಗಲ್ಲ. ಅವನಿದ್ದದ್ದು ದೂರದ ರಾಜ್ಯದ ಜೈಲಿನಲ್ಲಿ. ಕೈಗೆ ಕಾಲಿಗೆ ಸರಪಳಿ ಹಾಕಿ ಕೈದಿಗಳ ವಿಮಾನದಲ್ಲಿ ಒಕ್ಲಹೋಮಾಕ್ಕೆ ಒಯ್ಯುತ್ತಾರೆ. ಅಲ್ಲಿ ಗುಂಪು ಸೇರುವವರೆಗೆ ಕೂಡಿಹಾಕುತ್ತಾರೆ. ಆಮೇಲೆ ಮತ್ತೊಂದು ವಿಮಾನ, ಮತ್ತೊಂದು ಜಿಲ್ಲೆಯ ಜೈಲು. ಆನ್ಸೆಲ್ ದಿನವೂ ಫೋನು ಮಾಡಿ ಎಲ್ಲಿದ್ದಾನೆಂದು ಕೇಳುತ್ತಿದ್ದ. ಸಾಯುತ್ತಿರುವ ಜಡ್ಜು ಒಬ್ಬ ಕೈದಿಯ ದಾರಿ ಕಾಯುವುದನ್ನು ನಾನು ನೋಡಿದೆ.

ಡೆಲೋರಿಸ್ ಸತ್ತಿದ್ದಾಳೆಂದು ನಮಗೆ ಯಾರೂ ಹೇಳಿರಲಿಲ್ಲ.

ಜೂನಿನಲ್ಲಿ ಆ ದಿನ ಬಂತು. ಕಾರು ಓಡಿಸಿದ್ದು ನಾನು. ಹಾಗಾಗಿ ಈ ಸಲ ಕೋರ್ಟಿನ ಹಿಂದಿನ ಬೆಂಚಿನಲ್ಲಿ ನಾನೂ ಕೂತೆ. ನಿಲುವಂಗಿ ಗೂಟಕ್ಕೆ ತೂಗುಹಾಕಿದ ಹಾಗೆ ಆನ್ಸೆಲ್‌ನ ಮೈಮೇಲಿತ್ತು. ಲಿಯೊ ಕಿತ್ತಳೆ ಬಟ್ಟೆಯಲ್ಲಿ ನಿಂತಿದ್ದ, ಸೊಂಟಕ್ಕೆ ಸರಪಳಿ. ಎರಡನೆಯ ಬೆಂಚಿನಲ್ಲಿ ಒಬ್ಬನೇ ಒಬ್ಬ, ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡ ಮುದುಕ. ಡೆಲೋರಿಸಳ ಗಂಡ ಗಿಲ್ಬರ್ಟ್.

ಆನ್ಸೆಲ್ ಪೆನ್ನು ಕೆಳಗಿಟ್ಟ. ಕನ್ನಡಕ ತೆಗೆದ.

"ಬೆಲ್ಗಾರ್ಡ್ ಅವರೇ, ಹೋದ ಸಲ ನಾನು ನಿಮ್ಮನ್ನು ಕೇಳಬೇಕಾದ್ದನ್ನು ಕೇಳಲಿಲ್ಲ. ಅದು ನನ್ನ ತಪ್ಪು, ಬೇರೆ ಯಾರದೂ ಅಲ್ಲ. ಈಗ ಕೇಳ್ತಿದ್ದೀನಿ. ಶಿಕ್ಷೆ ಹೇಳೋ ಮೊದಲು ನಿಮಗೇನಾದ್ರೂ ಹೇಳೋದಿದೆಯಾ?"

ಲಿಯೊ ತಲೆ ತಗ್ಗಿಸಿದ್ದ. ಆನ್ಸೆಲ್ ಕಾದ. ಗೋಡೆಯ ಹಿಂದೆ ನೀರಿನ ಕೊಳವೆ ಸದ್ದು ಮಾಡಿತು. ಪೊಲೀಸನೊಬ್ಬ ಕೆಮ್ಮಿದ. ಆನ್ಸೆಲ್ ಕಾದ.

"ಇತ್ತು," ಎಂದ ಲಿಯೊ. "ಅವತ್ತಿತ್ತು."

"ಇವತ್ತು ಹೇಳಿ. ನಾನು ಕೇಳ್ತೀನಿ."

"ನಿಮಗೆ ಹೇಳೋದಲ್ಲ ಜಡ್ಜ್. ನಿಮ್ಮ ಹತ್ರ ನನಗೇನಿದೆ? ನಮ್ಮತ್ತೆಗೆ. ಅಲ್ಲೇ ಕೂತಿದ್ಲು, ಮಾವನ ಪಕ್ಕ."

ಆನ್ಸೆಲ್ ಎರಡನೆಯ ಬೆಂಚಿನತ್ತ ನೋಡಿದ. ಗಿಲ್ಬರ್ಟ್‌ನ ಪಕ್ಕ ಜಾಗ ಖಾಲಿ. ಸರ್ಕಾರಿ ವಕೀಲೆ ಎದ್ದು ಮೆಲ್ಲಗೆ, "ಶ್ರೀಮತಿ ಡೆಲೋರಿಸ್ ಮಾರ್ಚಿನಲ್ಲಿ ತೀರಿಕೊಂಡರು, ಯುವರ್ ಆನರ್," ಎಂದಳು.

ಆನ್ಸೆಲ್‌ನ ಕೈ ಮೇಜಿನಂಚು ಹಿಡಿದದ್ದು ನನಗೆ ಕಂಡಿತು.

"ನೀವು ಆಕೆಗೆ ಹೇಳಬೇಕಾಗಿದ್ದು ಏನು?" ಎಂದ.

ಪಕ್ಕದಲ್ಲಿದ್ದ ವಕೀಲ ಲಿಯೊನ ತೋಳು ಹಿಡಿದು ಏನೋ ಪಿಸುಗುಟ್ಟಿದ. ಲಿಯೊ ಸರಪಳಿ ಸದ್ದಾಗುವ ಹಾಗೆ ತೋಳು ಕೊಡವಿದ.

"ಹೇಳ್ಬೇಡ ಅಂತಾನೆ ಇವನು. ಅವಾಗಿಂದ್ಲೂ ಅದನ್ನೇ ಹೇಳ್ತಾನೆ. ಹೇಳಿದ್ರೆ ನನಗೇ ಕೆಟ್ಟದ್ದು ಅಂತ. ಆಗ್ಲಿ. ಜಡ್ಜ್, ಅತ್ತೆ ಕೀಲಿ ಕೊಟ್ಟಾಗ ನಾನು ಒಂದು ಹನಿ ಕುಡಿದಿರ್ಲಿಲ್ಲ. ಅವಳ ಮೂಗಿಗೆ ಬಡಿದಿದ್ದು ಗ್ಯಾರೇಜಿನ ವಾಸನೆ. ಎಂಜಿನ್ ತೊಳೆಯೋ ಎಣ್ಣೆ. ಅಂಗಿಗೆಲ್ಲಾ ಸುರ್ಕೊಂಡಿದ್ದೆ. ನಾನು ಕುಡಿದಿದ್ದು ಆಮೇಲೆ. ಆಟ ಮುಗಿಯೋದನ್ನ ಕಾಯ್ತಾ, ಕಾರಲ್ಲಿ ಕೂತು, ಕೀಲಿ ಜೇಬಲ್ಲಿಟ್ಕೊಂಡು. ಅವಳನ್ನ ನಾನೇ ಕರ್ಕೊಂಡು ಹೋಗ್ಬೇಕು ಅಂತ ಗೊತ್ತಿದ್ದೂ ಕುಡಿದೆ. ಅತ್ತೆ ತಪ್ಪು ಒಂದೂ ಇಲ್ಲ. ಅದನ್ನ ಅವಳ ಮುಖ ನೋಡಿ ಹೇಳ್ಬೇಕು ಅಂತಿದ್ದೆ. ಮಾತಾಡೋ ಹಾಗಿಲ್ಲ, ಫೋನ್ ಮಾಡೋ ಹಾಗಿಲ್ಲ. ಶಿಕ್ಷೆ ದಿನ ಜಡ್ಜು ಕೇಳ್ತಾರೆ, ಆಗ ಹೇಳು ಅಂದಿದ್ರು ಎಲ್ರೂ. ರಸ್ಟಾಡ್ ಆದ್ರೆ ಬೇಕಾದಷ್ಟು ಹೊತ್ತು ಕೊಡ್ತಾರೆ ಅಂದಿದ್ರು."

ಎರಡನೆಯ ಬೆಂಚಿನಿಂದ ಗಿಲ್ಬರ್ಟ್ ಕೂತಲ್ಲಿಂದಲೇ ಹೇಳಿದ, ಜೋರಾಗಿ ಅಲ್ಲ:

"ಅವಳು ಕೊನೇವರೆಗೂ ತನ್ನ ಮೂಗನ್ನ ಬೈಕೊಂಡ್ಲು ಕಣೋ. ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಕೊಳ್ಳೋದನ್ನೇ ಬಿಟ್ಲು. ನನಗ್ಯಾಕೆ ಅಂದ್ಲು."

ಪೊಲೀಸ್ ಅವನತ್ತ ಹೆಜ್ಜೆ ಇಟ್ಟ. ಆನ್ಸೆಲ್ ಕೈಯೆತ್ತಿ ತಡೆದ.

"ಜೈಲಿಂದ ಫೋನ್ ಮಾಡ್ದೆ ಮಾವ, ಶಿಕ್ಷೆ ಆದ್ಮೇಲೆ. ಎಷ್ಟು ಸಲ ಮಾಡ್ದೆ."

"ನಾನೇ ಎತ್ತಲಿಲ್ಲ," ಎಂದ ಗಿಲ್ಬರ್ಟ್. "ಇನ್ನೇನು ಹೇಳ್ತಾನೆ, ತಪ್ಪಾಯ್ತು ಅಂತಾನೆ ಅಂದ್ಕೊಂಡೆ. ತಪ್ಪಾಯ್ತು ಅನ್ನೋದು ನಮಗೆ ಬೇಕಿರ್ಲಿಲ್ಲ."

ಆಮೇಲೆ ಸರ್ಕಾರಿ ವಕೀಲೆ ಎದ್ದಳು. ಅವಳು ಮಾಡಬೇಕಾದ್ದನ್ನೇ ಮಾಡಿದಳು. ಹುಡುಗಿಯನ್ನು ಕರೆದೊಯ್ಯಬೇಕೆಂದು ಗೊತ್ತಿದ್ದೂ ಕೀಲಿ ಜೇಬಿನಲ್ಲಿಟ್ಟುಕೊಂಡು ಕುಡಿದಿದ್ದಾನೆ, ಅವನ ಬಾಯಿಂದಲೇ ಬಂದಿದೆ, ಆರು ವರ್ಷಕ್ಕಿಂತ ಹೆಚ್ಚು ಕೊಡಬೇಕು ಎಂದಳು. ಲಿಯೊನ ವಕೀಲ ನಾಲ್ಕು ವರ್ಷ ಸಾಕು ಎಂದ. ಆನ್ಸೆಲ್ ಇಬ್ಬರ ಮಾತನ್ನೂ ಕೇಳಿದ. ಕನ್ನಡಕ ಹಾಕಿಕೊಂಡ. ಕೊನೆಗೆ ಆರು ವರ್ಷ ಎಂದ. ಅದೇ ಆರು.

ಲಿಯೊ ತಲೆಯಾಡಿಸಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನು ಬಂದಿದ್ದು ಅದಕ್ಕಲ್ಲ. ಅವನನ್ನು ಪಕ್ಕದ ಬಾಗಿಲಿನಿಂದ ಒಳಗೆ ಒಯ್ದರು. ಮಾವನ ಕಡೆ ತಿರುಗಿ ನೋಡಲು ಸರಪಳಿ ಬಿಡಲಿಲ್ಲ.

ನಾನು ಕಾರು ತರಲು ಹೊರಗೆ ಹೋದೆ. ಗಿಲ್ಬರ್ಟ್ ತನ್ನ ಪಿಕಪ್ಪಿನ ಬಾಗಿಲು ತೆಗೆದು ನಿಂತಿದ್ದ. ನನ್ನನ್ನು ನೋಡಿದ. ನಾನು ಯಾರೆಂದು ಅವನಿಗೆ ಯಾರೋ ಹೇಳಿರಬೇಕು.

"ನಿಮ್ಮ ಯಜಮಾನರಿಗೆ ಹುಷಾರಿಲ್ವಾ ಅಮ್ಮ?"

"ಇಲ್ಲ. ಸಾಯ್ತಾ ಇದ್ದಾರೆ."

"ಯಾವಾಗಿಂದ?"

"ಅವತ್ತಿಂದ. ಹೋದ ಸಲ ನೀವೆಲ್ಲ ಬಂದಿದ್ರಲ್ಲ, ಅವತ್ತು ಬೆಳಿಗ್ಗೆ ಡಾಕ್ಟ್ರು ಫೋನ್ ಮಾಡಿದ್ರು. ಮನೇಲಿರು ಅಂದೆ. ಹಿಮದಲ್ಲಿ ಅಷ್ಟು ದೂರದಿಂದ ಬಂದೋರನ್ನ ಹೇಗೆ ವಾಪಸ್ ಕಳಿಸ್ಲಿ ಅಂತ ಬಂದ್ರು."

ಗಿಲ್ಬರ್ಟ್ ಟೋಪಿ ಹಾಕಿಕೊಂಡ. ಅದನ್ನು ಹಣೆಯ ಮೇಲೆ ಸರಿ ಮಾಡಿಕೊಂಡ.

"ನಾವು ಇನ್ನೊಂದ್ಸಲ ಬರ್ತಿದ್ವಿ," ಎಂದ. "ನಮಗೇನು, ಬಂದು ಅಭ್ಯಾಸ ಇದೆ. ಅವರು ಮನೇಲಿರಬೇಕಿತ್ತು."

ಬೈದದ್ದಲ್ಲ. ಹವಾಮಾನದ ಬಗ್ಗೆ ಹೇಳುವ ಹಾಗೆ ಹೇಳಿದ. ಗಾಡಿ ಹತ್ತಿ ಹೋದ.

ಮನೆಗೆ ಹೋಗುವ ದಾರಿಯಲ್ಲಿ ಆನ್ಸೆಲ್ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಎಂದುಕೊಂಡೆ.

"ಇಳಿಸಬೇಕು ಅಂತಲೇ ಹೋಗಿದ್ದೆ," ಎಂದ. "ಅವನು ಹೇಳಿದ್ದು ಕೇಳಿದ ಮೇಲೆ ಇಳಿಸಕ್ಕೆ ಕಾನೂನಲ್ಲಿ ಜಾಗ ಇರ್ಲಿಲ್ಲ. ಏರಿಸದೆ ಇದ್ದೆ. ಅಷ್ಟೇ ನಾನು ಮಾಡಿದ್ದು."

ನಾನು ರಸ್ತೆ ನೋಡಿಕೊಂಡು ಓಡಿಸಿದೆ.

"ಹೊರಗೆ ಗಿಲ್ಬರ್ಟ್ ಜೊತೆ ಮಾತಾಡ್ತಿದ್ದೆಯಲ್ಲ. ಏನಂದ?"

ನಾನು ಅವನಿಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ. ಸಾಯುವವನಿಗೆ ಹೊಸದಾಗಿ ಶುರು ಮಾಡಲು ಮನಸ್ಸು ಬರಲಿಲ್ಲ. ಗಿಲ್ಬರ್ಟ್ ಹೇಳಿದ್ದನ್ನು ಹಾಗೇ ಹೇಳಿದೆ.

ಆನ್ಸೆಲ್ ಕಣ್ಣು ಬಿಟ್ಟು ಕಿಟಕಿಯ ಹೊರಗೆ ನೋಡಿದ. ಹೊಲಗಳು ಹಸಿರಾಗಿದ್ದವು.

"ಹೌದು," ಎಂದ. "ನಿನ್ನ ಮಾತು ಕೇಳಬೇಕಿತ್ತು."

ಆಮೇಲೆ ಅವನು ಕೋರ್ಟಿಗೆ ಹೋಗಲಿಲ್ಲ. ಹೊಸ ಕೇಸು ಹಾಕಬೇಡಿ ಎಂದು ವಿಟ್ಮರ್‌ಗೆ ತಾನೇ ಹೇಳಿದ. ಔಷಧಿ ಬೇಡ ಎಂದ, ನೋವಿನದೊಂದು ಬಿಟ್ಟು. ಗೋಧಿ ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಸತ್ತ. ಹಾಸಿಗೆಯ ಬಟ್ಟೆಯನ್ನು ನಾನೇ ಒಗೆದೆ, ಬೇರೆಯವರಿಗೆ ಕೊಡಲಿಲ್ಲ. ಚರ್ಚಿನಲ್ಲಿ ವಕೀಲರು, ಜಡ್ಜುಗಳು, ಪೊಲೀಸರು ತುಂಬಿದ್ದರು. ಅವನ ತಾಳ್ಮೆಯನ್ನು ಎಲ್ಲರೂ ಹೊಗಳಿದರು. ಹೊಗಳಿದ್ದೆಲ್ಲ ನಿಜ. ಲೊರೇನ್ ಮಾತ್ರ ಎದ್ದು ಏನೂ ಹೇಳದೆ ನನ್ನ ಪಕ್ಕ ಬಂದು ಕೂತಳು.

ಲಿಯೊನ ಆರು ವರ್ಷ ಇನ್ನೂ ಮುಗಿದಿಲ್ಲ. ಅವನು ಮತ್ತೆ ಫೋನು ಮಾಡಿದರೆ ಗಿಲ್ಬರ್ಟ್ ಎತ್ತುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ.